ಹೊರೋ ಬೆಂಚು

ನಮ್ಮೂರ ವಾಲಿಬಾಲ್ ಮೈದಾನಕ್ಕೆ ಬಸವಂತಪ್ಪ ಮೇಷ್ಟ್ರ ಹೆಸರಿಡಬೇಕಂತೆ. ಸಂಘದವರು ಹೂವಿನ ಹಾರ ಆರ್ಡರ್ ಮಾಡೋಕೆ ಹೋಗೋ ದಾರೀಲಿ ನನ್ನ ಮನೆಗೂ ಬಂದಿದ್ದರು. "ಓಂಕಾರಮ್ಮ ಟೀಚರ್, ನೀವು ಅವರ ಜೊತೆ ದುಡಿದೋರು. ಆಟಗಾರ್ತಿಯ ನೋವನ್ನ ಸ್ವತಃ ಹೊತ್ತ ಗುರು ಅಂದ್ರೆ ಸುಮ್ನೇನಾ? ನಾಲ್ಕು ಒಳ್ಳೆ ಮಾತು ಹೇಳಬೇಕು" ಅಂದರು. ಹೇಳ್ತೀನಿ ಅಂದೆ. ನಾನು ಬಾಯಿ ತೆಗೆದರೆ ನಾಲ್ಕಕ್ಕೆ ನಿಲ್ಲೋದಿಲ್ಲ, ಒಳ್ಳೆಯವೂ ಆಗಿರೋದಿಲ್ಲ ಅಂತ ಮಾತ್ರ ಹೇಳಲಿಲ್ಲ. ಪಾಪ, ಕಾಫಿ ಕುಡಿಯೋ ಹೊತ್ತಲ್ಲಿ ಯಾಕೆ. ಅವರು ಹೋದಮೇಲೆ ಮಾತ್ರ ಲೋಟ ತೊಳೀತಾ ತೊಳೀತಾ ನನಗೆ ಮೈಯೆಲ್ಲ ಉರಿದುಹೋಯ್ತು. ಸ್ವತಃ ಹೊತ್ತ ಗುರುವಂತೆ! ಎಷ್ಟು ಹೊತ್ತು ಹೊತ್ತರು, ಹೇಗೆ ಹೊತ್ತರು ಅಂತ ಯಾರಾದರೂ ಕೇಳಬೇಕಲ್ಲ.

ನಮ್ಮೂರಲ್ಲಿ ಒಬ್ಬರ ನೋವನ್ನ ಇನ್ನೊಬ್ಬರು ಹೊರಬಹುದು. ಅಂಗೈಗೆ ಅಂಗೈ ಒತ್ತಿ "ತಗೊಂಡೆಯಾ?" ಅಂತ ಕೇಳಬೇಕು, ಅವರು "ತಗೊಂಡೆ" ಅನ್ನಬೇಕು, ಅಷ್ಟೇ. ಗಾಯ ಆದವರ ಹತ್ತಿರ ಗಾಯ ಹಾಗೇ ಇರುತ್ತೆ, ನೋವು ಮಾತ್ರ ದಾಟುತ್ತೆ. ಮತ್ತೆ ಅಂಗೈ ಒತ್ತಿ ವಾಪಸು ಕೊಡೋವರೆಗೂ ಹೊತ್ತವರ ಹತ್ತಿರವೇ. ಇಲ್ಲಾ ಅಂದ್ರೆ ಹೊಳೆ ಸೇತುವೆ ದಾಟಬೇಕು. ಸೇತುವೆ ನಡುವಿಗೆ ಬಂದರೆ ಯಾರ ನೋವು ಅವರಿಗೆ.

ಮಕ್ಕಳ ಕಿವಿನೋವನ್ನ ತಾಯಿ ಹೊರೋದಕ್ಕೆ ನಾನೇನೂ ಅನ್ನಲ್ಲ. ಆದರೆ ನಮ್ಮೂರ ಹಲ್ಲಿನ ಡಾಕ್ಟರ ಹತ್ತಿರ ಒಂದು ಸಲ ಹೋಗಿ ನೋಡಿ. ಒಳಗೆ ಕುರ್ಚಿ ಮೇಲೆ ಗಂಡ ಬಾಯಿ ತೆಗೆದುಕೊಂಡು ಫ್ಯಾನ್ ನೋಡ್ತಾ ಆರಾಮಾಗಿ ಮಲಗಿರ್ತಾನೆ, ಹೊರಗೆ ಹೆಂಡತಿ ದವಡೆ ಹಿಡಿದುಕೊಂಡು ಒದ್ದಾಡ್ತಿರ್ತಾಳೆ. ಅತ್ತೆ ಸೊಂಟನೋವು ಸೊಸೆಗೆ. ಹೆಣ್ಣು ನೋಡೋಕೆ ಬಂದೋರು "ಹಾಡು ಬರುತ್ತಾ" ಅನ್ನೋಕೆ ಮುಂಚೆ "ಹೊರೋ ಅಭ್ಯಾಸ ಇದೆಯಾ" ಅಂತಾರೆ. ಇನ್ನು ಹೆರಿಗೆ ಹೊತ್ತಿಗೆ ಸರಿಯಾಗಿ ನಮ್ಮೂರ ಗಂಡಸರಿಗೆಲ್ಲ ಸೇತುವೆ ಆಚೆ ಏನಾದರೊಂದು ತುರ್ತು ಕೆಲಸ ಬಂದುಬಿಡುತ್ತೆ. ಯಾರು ಹೊರಬೇಕು, ಯಾರು ಹೊರಿಸಬೇಕು ಅಂತ ಎಲ್ಲೂ ಬರೆದಿಟ್ಟಿಲ್ಲ, ಆದರೂ ಎಲ್ಲರಿಗೂ ಗೊತ್ತು. ಮತ್ತೆ ಎದುರಿಗೆ ಚಾಚಿದ ಕೈಗೆ ಒಲ್ಲೆ ಅನ್ನೋದು ನಮ್ಮೂರಲ್ಲಿ ಇಲ್ಲವೇ ಇಲ್ಲ. ಬಾಯಾರಿ ಬಂದವರಿಗೆ ನೀರಿಲ್ಲ ಅಂದಷ್ಟೇ ಪಾಪ ಅದು.

ಇಂಥಾ ಊರಿಗೆ ವಾಲಿಬಾಲ್ ಹುಚ್ಚು ಬೇರೆ. ಹಳೇ ಹತ್ತಿ ಜಿನ್ನಿಂಗ್ ಫ್ಯಾಕ್ಟರಿಯ ಹಿಂದೆ ಮೈದಾನ. ಸಂಜೆಯಾದರೆ ಅರ್ಧ ಊರು ಅಲ್ಲೇ. ನಮ್ಮ ಹುಡುಗಿಯರ ತಂಡ ಅಂದರೆ ಸುತ್ತಲ ಊರಿನವರಿಗೆಲ್ಲ ಸಿಂಹಸ್ವಪ್ನ, ಯಾಕಂದರೆ ನಮ್ಮ ಹುಡುಗಿಯರು ಸುಸ್ತಾಗಲ್ಲ, ಕುಂಟಲ್ಲ, ಬೆರಳು ತಿರುಚಿದರೂ ಮುಖ ಗಂಟಿಕ್ಕಲ್ಲ. ಹೇಗೆ? ಬಸವಂತಪ್ಪ ಮೇಷ್ಟ್ರ ಏರ್ಪಾಡು ಹಾಗಿತ್ತು. ಆಡೋರು ಆರು ಜನ, ಗೆರೆಯ ಆಚೆ ಬೇವಿನ ಮರದ ಕೆಳಗೆ ಉದ್ದ ಬೆಂಚಿನ ಮೇಲೆ ಕೂರೋರು ಆರು ಜನ. ಬೇರೆ ಕಡೆ ಅವರನ್ನ ಬದಲಿ ಆಟಗಾರ್ತಿಯರು ಅಂತಾರೆ. ನಮ್ಮೂರಲ್ಲಿ ಆ ಬೆಂಚಿಗೆ ಹೊರೋ ಬೆಂಚು ಅಂತಲೇ ಹೆಸರು. ಒಬ್ಬೊಬ್ಬ ಆಟಗಾರ್ತಿಗೆ ಬೆಂಚಿನ ಮೇಲೆ ಒಬ್ಬೊಬ್ಬಳು. ಸ್ಮ್ಯಾಶ್ ಹೊಡೆದ ಭುಜ ಇವಳದು, ನೋವು ಅವಳದು. ಚಪ್ಪಾಳೆ ಇವಳಿಗೆ, ಒದ್ದಾಟ ಅವಳಿಗೆ. ಸೇತುವೆ ಆಚೆ ಹೋಗಿ ಆಡಿದಾಗೆಲ್ಲ ನಮ್ಮೋರು ಸೋತು ಬರ್ತಿದ್ದರು. "ಹೊರಗಡೆ ಹೋದ್ರೆ ಹುಡುಗೀರು ಸೋಮಾರಿಗಳಾಗ್ತಾರೆ" ಅಂತ ಮೇಷ್ಟ್ರು ಸಿಡುಕುತ್ತಿದ್ದರು. ಅಲ್ಲಾ ಸ್ವಾಮಿ, ಸೋಮಾರಿತನವಾ ಅದು?

ಹೆಣ್ಣುಮಕ್ಕಳ ತಂಡದ ಜೊತೆ ಒಬ್ಬ ಹೆಂಗಸಿರಲಿ ಅಂತ ಒಂದು ವರ್ಷ ಸಂಘದವರು ನನ್ನನ್ನ ಸಹಾಯಕಿಯಾಗಿ ಸೇರಿಸಿಕೊಂಡರು. ನಾನು ಹೈಸ್ಕೂಲಲ್ಲಿ ಆಟ ಕಲಿಸೋಳು. ಮೊದಲ ದಿನವೇ ಮೇಷ್ಟ್ರನ್ನ ಕೇಳಿದೆ, "ಬೆಂಚಿನ ಹುಡುಗೀರು ಯಾವಾಗ ಆಡ್ತಾರೆ?" ಅಂತ. ಅವರು ಸೀಟಿಯ ದಾರ ಬೆರಳಿಗೆ ಸುತ್ತುತ್ತಾ ನಕ್ಕರು. "ಅವರು ಆಡೋಕಲ್ಲ ಓಂಕಾರಮ್ಮನೋರೇ, ತಡ್ಕೊಳ್ಳೋಕೆ. ನಾನು ಅವರನ್ನ ಆರಿಸೋದು ಆಟ ನೋಡಿ ಅಲ್ಲ, ಬಾಯಿ ನೋಡಿ. ಯಾರ ಬಾಯಿ ಗಟ್ಟಿಯಾಗಿ ಮುಚ್ಚಿರುತ್ತೋ ಅಂಥೋರು ಬೇಕು."

ಆ ಮುಚ್ಚಿದ ಬಾಯಿಗಳಲ್ಲೆಲ್ಲ ಗಟ್ಟಿಯಾದದ್ದು ಹಾಲಮ್ಮಂದು. ಮಂಡಕ್ಕಿ ಭಟ್ಟಿ ನಾಗವ್ವನ ಮಗಳು. ಸಣ್ಣ ಜೀವ, ಕಡ್ಡಿಯಂಥ ಕೈಕಾಲು. ಅವಳು ಹೊರ್ತಿದ್ದದ್ದು ಶಾಂಭವಿಯ ನೋವು. ಶಾಂಭವಿ ಅಂದರೆ ನಮ್ಮ ತಂಡದ ಕ್ಯಾಪ್ಟನ್, ಎತ್ತರದ ಹುಡುಗಿ, ನೆಟ್ ಹತ್ತಿರ ಅವಳು ಹಾರಿದಳು ಅಂದರೆ ಎದುರು ತಂಡದವರು ಕಣ್ಣು ಮುಚ್ಚಿಕೊಳ್ಳೋರು. ಒಳ್ಳೆ ಹುಡುಗಿಯೇ, ಕೆಟ್ಟವಳಲ್ಲ. ಆದರೆ ತನ್ನ ನೋವು ಏನು ಅಂತ ಗೊತ್ತಿಲ್ಲದೆ ಬೆಳೆದವಳು. ಗೊತ್ತಿಲ್ಲದ್ದನ್ನ ನೋಡಿ ಹೆದರೋದು ಹೇಗೆ?

ಒಂದಿನ ಪ್ರಾಕ್ಟೀಸ್ ಶುರುವಾಗೋಕೆ ಮುಂಚೆ ಹೋದೆ. ಫ್ಯಾಕ್ಟರಿ ಗೋಡೆಗೆ ಬಾಲ್ ಹೊಡೆದು, ವಾಪಸು ಬಂದದ್ದನ್ನ ನೆಲಕ್ಕೆ ಬೀಳೋಕೆ ಬಿಡದೆ ಎತ್ತುತ್ತಾ ಇದ್ದಳು ಹಾಲಮ್ಮ. ಒಂದೇ ಕಾಲ ಮೇಲೆ! ಇನ್ನೊಂದು ಕಾಲನ್ನ ನೆಲಕ್ಕೆ ಊರೋಕಾಗ್ತಿರಲಿಲ್ಲ ಪಾಪ, ಅದರಲ್ಲಿ ಶಾಂಭವಿಯ ಮಂಡಿನೋವು ಕೂತಿತ್ತಲ್ಲ. ಒಂದು ಬಾಲ್ ದೂರಕ್ಕೆ ಹೋಯ್ತು. ಅದರ ಹಿಂದೆ ಹಾಗೇ ನೆಲಕ್ಕೆ ಬಿದ್ದು ಜಾರಿಕೊಂಡು ಹೋಗಿ ಅಂಗೈ ಹಿಂಭಾಗದಿಂದ ಎತ್ತಿಬಿಟ್ಟಳು. ನಾನು ಇಪ್ಪತ್ತು ವರ್ಷ ಆಟ ಕಲಿಸಿದೋಳು, ಹಾಗೆ ಬಾಲ್ ಎತ್ತೋದನ್ನ ನೋಡಿರಲಿಲ್ಲ. "ಏ ಹುಡುಗಿ, ಯಾರೇ ನಿನಗೆ ಇದನ್ನ ಕಲಿಸಿದ್ದು?" ಅಂದೆ. ಕಳ್ಳತನದಲ್ಲಿ ಸಿಕ್ಕಿಬಿದ್ದ ಹಾಗೆ ಬೆಚ್ಚಿದಳು. "ಯಾರೂ ಇಲ್ಲ ಮಿಸ್. ಬೆಂಚಿನ ಮೇಲೆ ಕೂತು ಕೂತು ನೋಡಿದ್ದು. ಸಾರ್‌ಗೆ ಹೇಳಬೇಡಿ ಮಿಸ್, ಕಾಲಿಗೆ ಏನಾದ್ರೂ ಮಾಡ್ಕೊಂಡ್ರೆ ಹೊರೋದು ಯಾರು ಅಂತ ಬೈತಾರೆ."

ಕೇಳಿದಿರಾ? ಅವಳ ಕಾಲಿಗೆ ಪೆಟ್ಟಾದರೆ ಅವಳಿಗೆ ನೋವಾಗುತ್ತೆ ಅಂತಲ್ಲ, ಶಾಂಭವಿಯ ನೋವಿಗೆ ಜಾಗ ಇರಲ್ಲ ಅಂತ!

ನಾನು ಸುಮ್ಮನಿರೋಳಲ್ಲ. ನೇರ ಮೇಷ್ಟ್ರ ಹತ್ತಿರ ಹೋಗಿ ಈ ಹುಡುಗೀನ ಒಳಗೆ ಇಳಿಸಿ ಅಂದೆ. ಅವರು ನನ್ನನ್ನ ಮಗು ನೋಡೋ ಹಾಗೆ ನೋಡಿದರು. "ಬಾಲ್ ಎತ್ತೋರು ಬೇಕಾದಷ್ಟು ಸಿಗ್ತಾರೆ, ಇವಳ ಥರ ಹೊರೋರು ಸಿಗಲ್ಲ. ಚಿನ್ನ ಕಣ್ರೀ ಅದು. ಚಿನ್ನಾನ ಯಾರಾದ್ರೂ ಬೀದೀಲಿ ಇಡ್ತಾರಾ?" ಈ ಮಾತು ಹಾಲಮ್ಮನ ಕಿವಿಗೂ ಬಿತ್ತು. ಅವಳ ಮುಖ ಅರಳಿದ್ದು ನೋಡಿ ನನಗೆ ಕಣ್ಣಲ್ಲಿ ನೀರು ಬಂತು. ಹೊಗಳಿಕೆ ಅಂದುಕೊಂಡಿದ್ದಳು ಪಾಪದ್ದು.

ಅಷ್ಟರಲ್ಲಿ ಶಾಂಭವಿಯ ಮಂಡಿ ಊದೋಕೆ ಶುರುವಾಯ್ತು. ದಿನದಿನಕ್ಕೂ ಊದಿ ಎಳೇ ಕುಂಬಳಕಾಯಿ ಥರ ಆಯ್ತು. "ನೋವೇ ಇಲ್ಲ ಮಿಸ್" ಅಂತ ಅವಳು ಅದೇ ಕಾಲಲ್ಲಿ ಹಾರೋಳು, ಅದೇ ಕಾಲಲ್ಲಿ ಇಳಿಯೋಳು. ಅವಳು ಇಳಿದಾಗೆಲ್ಲ ಬೆಂಚಿನ ಮೇಲೆ ಹಾಲಮ್ಮ ದುಪಟ್ಟದ ತುದಿ ಕಚ್ಚೋಳು. ಮುಂಚೆಯೆಲ್ಲ ಆಟ ಮುಗಿದ ಮೇಲೆ ನೋವು ವಾಪಸು ಕೊಟ್ಟು ಮನೆಗೆ ಹೋಗ್ತಿದ್ದರು. ಶಾಂಭವಿಗೆ ಮಂಡಿನೋವು ಶುರುವಾದ ದಿನದಿಂದಲೇ ಮೇಷ್ಟ್ರು ಅದನ್ನೂ ನಿಲ್ಲಿಸಿದ್ದರು. ನೋವಿದ್ದರೆ ಶಾಂಭವಿಗೆ ನಿದ್ದೆ ಬರಲ್ಲ, ನಿದ್ದೆ ಇಲ್ಲದಿದ್ದರೆ ಬೆಳಗ್ಗೆ ಹಾರಲ್ಲ, ಆದ್ದರಿಂದ ಕಪ್ಪಿನ ಫೈನಲ್ ಮುಗಿಯೋವರೆಗೂ ಹಾಲಮ್ಮನೇ ಇಟ್ಟುಕೊಂಡಿರಲಿ ಅಂದಿದ್ದರು. ಹಾಲಮ್ಮನ ನಿದ್ದೆಯ ಮಾತು ಯಾರೂ ಎತ್ತಲಿಲ್ಲ. ಆ ಹುಡುಗಿ ಭಟ್ಟಿ ಮುಂದೆ ಕೂತು ಮಂಡಕ್ಕಿ ಹುರಿಯೋವಾಗ ಕಾಲು ಚಾಚಿಕೊಂಡು ನಡುಗ್ತಾ ಇರ್ತಿದ್ದಳಂತೆ. ಅವಳ ತಾಯಿ ನಾಗವ್ವ ಬಂದು, "ಟೀಚರ್, ನನಗಾದ್ರೂ ಕೊಡೇ ಅಂದ್ರೆ ಕೊಡಲ್ಲ ಅಂತಾಳೆ. ನಿನಗೆ ಭಟ್ಟಿ ಕೆಲಸ ಇದೆ, ನೀನು ಹೇಗೆ ನಿಲ್ತೀಯ ಅಂತಾಳೆ" ಅಂತ ಸೆರಗಿಂದ ಕಣ್ಣು ಒರೆಸಿಕೊಂಡಳು. ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ ಅಂತಾರಲ್ಲ, ನಮ್ಮೂರಲ್ಲಿ ಜಾತ್ರೆ ನಡೀತಿದ್ದದ್ದು ಈ ಹುಡುಗಿಯ ಕಾಲಲ್ಲಿ.

ಡಾಕ್ಟರಿಗೆ ತೋರಿಸಲೇಬೇಕು ಅಂತ ಹಟ ಹಿಡಿದೆ. ಮೇಷ್ಟ್ರು ಖುಷಿಯಿಂದಲೇ ಒಪ್ಪಿ ತಾವೂ ಬಂದರು. ಯಾಕೆ ಖುಷಿ ಅಂತ ಅಲ್ಲಿ ಹೋದಮೇಲೆ ಗೊತ್ತಾಯ್ತು. ನಮ್ಮ ಆಸ್ಪತ್ರೆಗೆ ಹೊಸದಾಗಿ ಬಂದಿದ್ದ ಹುಡುಗ ಡಾಕ್ಟರು, ಹೊರಗಿನೋರು. ಶಾಂಭವಿಯ ಮಂಡಿಯನ್ನ ಇಲ್ಲಿ ಒತ್ತಿದರು, ಅಲ್ಲಿ ಒತ್ತಿದರು. "ನೋವಿದೆಯಾ?" "ಇಲ್ಲ ಸಾರ್." "ಹೀಗೆ ತಿರುಗಿಸಿದರೆ?" "ಇಲ್ಲ ಸಾರ್." ಅವಳು ಕಡಲೆ ಮಿಠಾಯಿ ತಿಂತಾ ಕೂತಿದ್ದಳು. ಹೊರಗಿನ ವರಾಂಡದಿಂದ "ಅವ್ವಾ!" ಅಂತ ಒಂದು ಕೂಗು ಕೇಳಿಸ್ತು. ನಾನು ಓಡಿಹೋಗಿ, ನಮ್ಮ ಜೊತೆ ಬಂದು ಅಲ್ಲಿ ಕೂತಿದ್ದ ಹಾಲಮ್ಮನನ್ನ ಕೈಹಿಡಿದು ಒಳಗೆ ಎಳ್ಕೊಂಡು ಬಂದೆ. "ಈಗ ಅವಳ ಮಂಡಿ ಒತ್ತಿ ಡಾಕ್ಟ್ರೇ, ಇವಳ ಮುಖ ನೋಡಿ" ಅಂದೆ. ಒತ್ತಿದರು. ಹಾಲಮ್ಮ ನೆಲಕ್ಕೆ ಕುಸಿದಳು. ಡಾಕ್ಟರು ಗಾಬರಿಯಾಗಿ ಅವಳ ಕಾಲು ಹಿಡಿದು ನೋಡಿದರು. ಅದರಲ್ಲೇನಿರುತ್ತೆ, ಒಂದು ತರಚು ಗಾಯವೂ ಇರಲಿಲ್ಲ.

ಮೇಷ್ಟ್ರು ಗಂಟಲು ಸರಿಮಾಡಿಕೊಂಡರು. "ನೋಡಿ ಡಾಕ್ಟ್ರೇ, ಒಬ್ಬಳಿಗೆ ನೋವಿಲ್ಲ, ಇನ್ನೊಬ್ಬಳಿಗೆ ಗಾಯ ಇಲ್ಲ. ಲೆಕ್ಕಕ್ಕೆ ಇಬ್ಬರೂ ನೆಟ್ಟಗಿದಾರೆ ತಾನೆ?" ಅಂದರು. ಆ ಹುಡುಗ ಡಾಕ್ಟರು ಅವರನ್ನೂ ನೋಡಿದರು, ನನ್ನನ್ನೂ ನೋಡಿದರು, ಕೊನೆಗೆ ಹೌದು ಅಂತ ತಲೆಯಾಡಿಸಿಬಿಟ್ಟರು! ಅಯ್ಯೋ ಶಿವನೇ, ಓದಿದ ಮನುಷ್ಯ ಕಣ್ರೀ. ಅವತ್ತಿಂದ ಊರೆಲ್ಲ ಡಂಗುರ, ಶಾಂಭವಿ ಕಾಲು ಕಬ್ಬಿಣದ್ದು, ಡಾಕ್ಟ್ರೇ ಹೇಳಿದಾರೆ ಅಂತ. ನೋವಿಲ್ಲ ಅಂದರೆ ವಾಸಿಯಾಗಿದೆ ಅಂತ ನಂಬೋ ಮೂರ್ಖರು ನಮ್ಮೂರು ಬಿಟ್ಟರೆ ಇನ್ನೆಲ್ಲೂ ಸಿಗಲಿಕ್ಕಿಲ್ಲ.

ನನಗೆ ಒಂದೇ ದಾರಿ ಉಳೀತು. ಭಾನುವಾರ ಬೆಳಗ್ಗೆ ಇಬ್ಬರನ್ನೂ ಕರೆದೆ. ಸೇತುವೆ ಆಚೆ ಬಿಸಿ ಬಿಸಿ ಮಿರ್ಚಿ ಮಾಡ್ತಾರೆ, ಬನ್ನಿ ತಿಂದುಬರೋಣ ಅಂದೆ. ಶಾಂಭವಿ ಕುಣಿದುಕೊಂಡು ಮುಂದೆ ನಡೆದಳು, ಹಾಲಮ್ಮ ನನ್ನ ಭುಜ ಹಿಡಿದು ಕುಂಟುತ್ತಾ ಹಿಂದೆ. ಶಾಂಭವಿ ತಿರುಗಿ ತಿರುಗಿ ನೋಡಿ, "ಬೇಗ ಬಾರೇ ಹಾಲಿ, ಒಳ್ಳೆ ಮುದುಕಿ ಥರ ನಡೀತೀಯಲ್ಲ" ಅಂತ ರೇಗಿಸ್ತಿದ್ದಳು. ಇನ್ನೇನು ನಾಲ್ಕು ಹೆಜ್ಜೆ, ಆಮೇಲೆ ರೇಗಿಸು ಮಗಳೇ ಅಂದುಕೊಂಡೆ.

ಸೇತುವೆ ನಡುವೆ ಶಾಂಭವಿ ಧೊಪ್ಪಂತ ಬಿದ್ದಳು. ಮಂಡಿ ಹಿಡಿದುಕೊಂಡು ಆ ಹುಡುಗಿ ಕಿರುಚಿದ ರೀತಿಗೆ ಹೊಳೆಯಲ್ಲಿ ಬಟ್ಟೆ ಒಗೀತಿದ್ದ ಹೆಂಗಸರೆಲ್ಲ ತಲೆಯೆತ್ತಿ ನೋಡಿದರು. "ಏನಿದು ಮಿಸ್, ಏನಾಗ್ತಿದೆ ನಂಗೆ, ತೆಗೀರಿ ಮಿಸ್ ಇದನ್ನ, ತೆಗೀರಿ!" ನಾನು ಪಕ್ಕದಲ್ಲಿ ಕೂತೆ. "ಏನೂ ಆಗಿಲ್ಲ. ನಿನ್ನದು ನಿನಗೆ ಬಂತು ಅಷ್ಟೇ" ಅಂದೆ. ಹಾಲಮ್ಮ ನನ್ನ ಭುಜ ಬಿಟ್ಟು ನಿಂತಿದ್ದಳು, ಎರಡೂ ಕಾಲ ಮೇಲೆ. ಒಂದು ಹೆಜ್ಜೆ ಇಟ್ಟು ನೋಡಿದಳು, ಇನ್ನೊಂದು ಇಟ್ಟು ನೋಡಿದಳು. ಆಮೇಲೆ ಅವಳು ಮಾಡಿದ್ದೇನು ಗೊತ್ತಾ? ಓಡಿಬಂದು ಶಾಂಭವಿಯ ಮುಂದೆ ಕೂತು ಕೈ ಚಾಚಿದಳು! "ಅಳಬೇಡ ಕಣೇ, ಈ ಕಡೆ ಬಾ, ಊರ ಕಡೆ ಎರಡು ಹೆಜ್ಜೆ ಬಂದ್ಬಿಡು, ನಾನು ತಗೋತೀನಿ" ಅಂತ.

ಶಾಂಭವಿ ಆ ಕೈ ನೋಡಿದಳು. ಅವಳ ಅಳು ನಿಂತುಹೋಯ್ತು. "ಇದನ್ನ ಇಟ್ಕೊಂಡು ನೀನು ಹೇಗೇ ಮಲಗ್ತಿದ್ದೆ?" ಅಂತ ಕೇಳಿದಳು. ಹಾಲಮ್ಮ ತಲೆ ತಗ್ಗಿಸಿ, "ಮಲಗ್ತಿರಲಿಲ್ಲ" ಅಂದಳು. ಶಾಂಭವಿ ಆ ಕೈ ಮುಟ್ಟಲಿಲ್ಲ. ನನ್ನ ಕೊರಳಿಗೆ ಕೈಹಾಕಿಕೊಂಡು, ಹೆಜ್ಜೆಗೊಂದು ಸಲ ಅಳ್ತಾ, ಆಚೆ ಊರಿನ ಮೂಳೆ ಡಾಕ್ಟರ ಹತ್ತಿರ ಬಂದಳು. ಅವರು ಒಂದು ಸಲ ಒತ್ತಿದ್ದೇ ಸಾಕಾಯ್ತು. "ಒಳಗಿನ ನಾರು ಹರಿದು ಒಂದು ಎಳೆಯಲ್ಲಿ ನಿಂತಿದೆ. ಇನ್ನೊಂದು ಸಲ ಹಾರಿ ಇಳಿದರೆ ಈ ಹುಡುಗಿ ಆಡೋದಿರಲಿ, ನೆಟ್ಟಗೆ ನಡೆಯೋದೂ ಕಷ್ಟ. ಇಷ್ಟು ದಿನ ಇವಳಿಗೆ ಗೊತ್ತಾಗಲೇ ಇಲ್ಲವಾ?" ಅಂತ ನನ್ನ ಮೇಲೇ ರೇಗಿದರು. ರೇಗಲಿ ಬಿಡಿ, ಅಂತೂ ರೇಗೋಕೆ ಒಬ್ಬರಾದರೂ ಸಿಕ್ಕಿದರಲ್ಲ.

ಇಷ್ಟಕ್ಕೆ ಮುಗೀಬೇಕಿತ್ತು. ಮುಗೀಲಿಲ್ಲ. ಡಾಕ್ಟರು ಹೇಳಿದ್ದನ್ನ ನಾನು ಹೋಗಿ ಹೇಳಿದರೆ ಮೇಷ್ಟ್ರು, "ಆಚೆ ಊರಿನೋರು ತಾನೆ, ಫೈನಲ್ ಆಡ್ತಿರೋದು ಅವರ ಊರಿನ ಮೇಲೇ ತಾನೆ? ಇನ್ನೇನು ಹೇಳ್ತಾರೆ" ಅಂದರು. ಆಮೇಲೆ ಶಾಂಭವಿ ಮನೆಗೆ ಹೋಗಿ ಅವಳಪ್ಪನ ಎದುರು ಕೂತು ಬೆಣ್ಣೆ ಹಚ್ಚಿದರು. ರಾಜ್ಯ ತಂಡಕ್ಕೆ ಆರಿಸೋರು ಫೈನಲ್ ನೋಡೋಕೆ ಬರ್ತಾರೆ, ಈ ಸಲ ಬಿಟ್ಟರೆ ಇನ್ನಿಲ್ಲ, ಮಗಳ ಹಣೆಬರಹ ನೀವೇ ಅಳಿಸ್ತೀರಾ ಅಂತ. ಹುಡುಗಿಗೆ ಹದಿನೇಳು ವರ್ಷ. ಅಪ್ಪ ಒಂದು ಕಡೆ, ಗುರು ಒಂದು ಕಡೆ ನಿಂತು ನಿನ್ನ ಒಳ್ಳೇದಕ್ಕೇ ಅಂದರೆ ಅದು ತಾನೇ ಏನು ಮಾಡುತ್ತೆ?

ಫೈನಲ್ ದಿನ ಮೈದಾನದಲ್ಲಿ ಕಾಲಿಡೋಕೆ ಜಾಗ ಇರಲಿಲ್ಲ. ಫ್ಯಾಕ್ಟರಿ ಗೋಡೆ ಮೇಲೂ ಜನ, ಬೇವಿನ ಮರದಲ್ಲೂ ಜನ. ಶಾಂಭವಿ ಕುಂಟುತ್ತಾ ಬಂದಳು. ಕಣ್ಣು ಊದಿಕೊಂಡಿತ್ತು. ಮೇಷ್ಟ್ರು ಅವಳ ಬೆನ್ನ ಮೇಲೆ ಕೈಯಿಟ್ಟು ಹೊರೋ ಬೆಂಚಿನ ಹತ್ತಿರ ಕರಕೊಂಡು ಬಂದರು. "ಕೊಡಮ್ಮ, ಬೇಗ, ರೆಫರಿ ಕರೀತಿದಾರೆ." ಶಾಂಭವಿ ಹಾಲಮ್ಮನ ಮುಖ ನೋಡದೆ ಕೈ ಚಾಚಿದಳು.

ಹಾಲಮ್ಮ ತನ್ನೆರಡೂ ಕೈಯನ್ನ ತೊಡೆ ಕೆಳಗೆ ಇಟ್ಟುಕೊಂಡು ಅದರ ಮೇಲೆ ಕೂತುಬಿಟ್ಟಳು. "ಒಲ್ಲೆ" ಅಂದಳು.

ಹತ್ತಿರ ಇದ್ದವರಿಗೆ ಮಾತ್ರ ಕೇಳಿಸಿದ್ದು. ಆದರೆ ಒಬ್ಬರಿಂದ ಒಬ್ಬರಿಗೆ ಹರಡಿ ಇಡೀ ಮೈದಾನಕ್ಕೆ ಮುಟ್ಟಿತು. ನಮ್ಮೂರಲ್ಲಿ ಆ ಮಾತು ಯಾರೂ ಯಾರಿಗೂ ಅಂದದ್ದಿಲ್ಲ. "ಏನಂದೆ?" ಅಂದರು ಮೇಷ್ಟ್ರು. "ಒಲ್ಲೆ ಸಾರ್. ನಾನು ತಗೊಂಡ್ರೆ ಅವಳು ಹಾರ್ತಾಳೆ. ಹಾರಿದ್ರೆ ಕಾಲು ಹೋಗುತ್ತೆ. ಆ ಮಂಡಿ ನಂಗೊತ್ತು ಸಾರ್, ನನ್ನ ಹತ್ರಾನೇ ಇತ್ತು." ಅವಳ ಧ್ವನಿ ಗೆಜ್ಜೆಯಷ್ಟು ಸಣ್ಣ, ಆದರೆ ಒಂದು ಅಕ್ಷರ ತೊದಲಲಿಲ್ಲ.

ಮೇಷ್ಟ್ರ ಮುಖ ಕೆಂಪಾಯ್ತು. ಪಕ್ಕದವಳನ್ನ ಕರೆದರು, "ಏ ನೀನು ತಗೊಳ್ಳೇ." ಅವಳೂ ಕೈಯನ್ನ ತೊಡೆ ಕೆಳಗೆ ಸೇರಿಸಿದಳು. ಅವಳ ಪಕ್ಕದವಳೂ. ನೋಡನೋಡ್ತಾ ಇಡೀ ಬೆಂಚು ತಂತಮ್ಮ ಕೈಯ ಮೇಲೆ ಕೂತಿತ್ತು. ಜನರಲ್ಲಿ ಗುಸುಗುಸು ಶುರುವಾಯ್ತು. ಗೋಡೆ ಮೇಲಿಂದ ಯಾರೋ, "ಏನ್ ಕೊಬ್ಬು ನೋಡ್ರಿ ಈ ಹುಡುಗೀರಿಗೆ! ಊರ ಮಾನ ಕಳೀತಾರೆ" ಅಂತ ಕೂಗಿದ. ಮೇಷ್ಟ್ರು ನನ್ನ ಕಡೆ ತಿರುಗಿ, "ಎಲ್ಲ ನಿಮ್ಮದೇ ಕಿತಾಪತಿ. ಹಾಗಾದರೆ ನೀವೇ ಹೊರಿ" ಅಂದರು. ಹೊತ್ತುಬಿಡಬಹುದಿತ್ತು. ಇಂಥಾ ಊರಲ್ಲಿ ಹುಟ್ಟಿದೋಳಿಗೆ ಕೈ ತಾನಾಗೇ ಮುಂದೆ ಹೋಗುತ್ತೆ. ಆದರೆ ಯಾರು ಹೊತ್ತರೂ ಆ ಹುಡುಗಿ ಹಾರ್ತಾಳೆ, ಅಷ್ಟು ನನಗೆ ಗೊತ್ತಿತ್ತು.

"ಮೇಷ್ಟ್ರೇ," ಅಂದೆ, ಎಲ್ಲರಿಗೂ ಕೇಳಿಸೋ ಹಾಗೆ. "ಕಂಡೋರ ಮಕ್ಕಳನ್ನ ಬಾವಿಗೆ ತಳ್ಳಿ ಆಳ ನೋಡಿದ್ದು ಸಾಕು. ಅವಳು ಹಾರಬೇಕು ಅನ್ನೋರು ನೀವು. ನೀವೇ ಹೊರಿ."

"ನಾನು ಹೊತ್ತರೆ ಆಟ ನೋಡೋರು ಯಾರು?"

"ಸೊಳ್ಳೆ ಕಡಿದಷ್ಟು ನೋವು ಅಂತ ದಿನಾ ನೀವೇ ಹೇಳ್ತೀರಲ್ಲ. ಸೊಳ್ಳೆ ಕಡಿದರೆ ಕಣ್ಣು ಕಾಣಲ್ವಾ?"

ಆಗ ಹೆಂಗಸರು ಕೂತಿದ್ದ ಕಡೆಯಿಂದ ಒಂದು ನಗು ಬಂತು. ಒಬ್ಬಳು, ಸೊಂಟ ಹಿಡಿದುಕೊಂಡೇ ಎದ್ದು ನಿಂತು, ಅದು ಅವಳ ಅತ್ತೆಯ ಸೊಂಟನೋವು ಅಂತ ಇಡೀ ಊರಿಗೆ ಗೊತ್ತು, "ಹೊರ್ರಿ ಮೇಷ್ಟ್ರೇ, ಅದೇನ್ ಮಹಾ!" ಅಂತ ಕೂಗಿದಳು. ಇನ್ನೊಬ್ಬಳು ಕೂಗಿದಳು. ನಾಗವ್ವ ಕೂಗಿದಳು. ಆ ಕಡೆಯವರೆಲ್ಲ ಕೂಗೋಕೆ ಶುರುಮಾಡಿದರು. ರಾಜ್ಯ ತಂಡಕ್ಕೆ ಆರಿಸೋರು ಕುರ್ಚಿಯಲ್ಲಿ ಕೂತು ನೋಡ್ತಿದ್ದಾರೆ, ರೆಫರಿ ಸೀಟಿ ಬಾಯಲ್ಲಿಟ್ಟು ಕಾಯ್ತಿದ್ದಾರೆ. ಮೇಷ್ಟ್ರಿಗೆ ಬೇರೆ ದಾರಿಯೇ ಇರಲಿಲ್ಲ. "ಆಯ್ತು, ಕೊಡು. ಇದೊಂದು ದೊಡ್ಡ ವಿಷಯಾನಾ" ಅಂತ ಕೈ ಚಾಚಿದರು.

"ತಗೊಂಡ್ರಾ ಸಾರ್?" ಅಂದಳು ಶಾಂಭವಿ.

"ತಗೊಂಡೆ" ಅನ್ನೋಷ್ಟರಲ್ಲಿ ಅವರ ಕಾಲು ಮಡಚಿಕೊಂಡಿತು. ಬೆಂಚು ಹಿಡಿದುಕೊಂಡು ಕೂತರು. ಹಾಲಮ್ಮನೇ ಪಾಪ ಸರಿದು ಜಾಗ ಕೊಟ್ಟಳು. "ಏನಿಲ್ಲ, ಏನಿಲ್ಲ" ಅಂದರು. ಹಣೆಯಲ್ಲಿ ಬೆವರು ಮೂಡಿತ್ತು. ಶಾಂಭವಿ ಒಳಗೆ ಹೋಗಿ ನೆಟ್ ಹತ್ತಿರ ನಿಂತಳು. ಈ ಮನುಷ್ಯ ಹಲ್ಲು ಕಚ್ಚಿಕೊಂಡು ಕೂತುಬಿಟ್ಟರೆ ಆ ಹುಡುಗಿಯ ಕಾಲು ಹೋದ ಹಾಗೇ.

ಸೀಟಿ ಆಯ್ತು. ಆಚೆ ಊರಿನೋರು ಸರ್ವಿಸ್ ಮಾಡಿದರು. ನಮ್ಮೋರು ಎತ್ತಿದರು, ಲಿಫ್ಟ್ ಮಾಡೋ ಹುಡುಗಿ ಬಾಲನ್ನ ನೆಟ್ ಮೇಲೆ ಎತ್ತರಕ್ಕೆ, ಶಾಂಭವಿಗೆ ಹೇಳಿ ಮಾಡಿಸಿದ ಹಾಗೆ ಕೊಟ್ಟಳು. ಶಾಂಭವಿ ಓಡಿಬಂದಳು. ಹಾರೋಕೆ ಅಂತ ಮಂಡಿ ಬಗ್ಗಿಸಿದಳು.

"ಹಾರಬೇಡ!"

ಬಸವಂತಪ್ಪ ಮೇಷ್ಟ್ರ ಧ್ವನಿ ಅದು. ವರ್ಷಗಟ್ಟಲೆ ಆ ಮೈದಾನದಲ್ಲಿ "ಹಾರು, ಹಾರೇ, ಇನ್ನೂ ಹಾರೇ" ಅಂತ ಬಿಟ್ಟರೆ ಬೇರೆ ಮಾತಾಡದ ಮನುಷ್ಯ. "ಹಾರಬೇಡ ಕಣೇ! ಸತ್ತೆ! ಅಯ್ಯಪ್ಪಾ, ನಿಲ್ಲಿಸ್ರೋ!"

ಶಾಂಭವಿ ಅಲ್ಲೇ ನಿಂತಳು. ಬಾಲ್ ಬಂದು ಅವಳ ಕಾಲ ಹತ್ತಿರ ಬಿತ್ತು. ಆಚೆ ಊರಿಗೆ ಒಂದು ಪಾಯಿಂಟ್. ಅವಳು ಮೆಲ್ಲಗೆ ನಡೆದುಕೊಂಡು ಬೆಂಚಿನ ಹತ್ತಿರ ಬಂದಳು, ಮೇಷ್ಟ್ರ ಮುಂದೆ ಕೈ ಚಾಚಿದಳು. ಅವರು ಅದನ್ನ ಬಿಸಿ ಕೆಂಡ ಕೊಟ್ಟ ಹಾಗೆ ಕೊಟ್ಟುಬಿಟ್ಟರು. ಶಾಂಭವಿ ಹಲ್ಲು ಕಚ್ಚಿಕೊಂಡು ಬೆಂಚಿನ ಮೇಲೆ ಕೂತಳು. ಕ್ಯಾಪ್ಟನ್ ಅಲ್ಲವಾ, ಕೂತಲ್ಲಿಂದಲೇ ರೆಫರಿಗೆ ಕೈಸನ್ನೆ ಮಾಡಿ ಬದಲಿ ಕೇಳಿದಳು. ಆಮೇಲೆ ಪಕ್ಕಕ್ಕೆ ತಿರುಗಿ, "ಹೋಗೇ ಹಾಲಿ, ಆಡು" ಅಂದಳು.

ಕಪ್ ಹೋಯ್ತು, ಅದನ್ನೇನು ಮುಚ್ಚಿಡೋದು. ತಿಂಗಳುಗಟ್ಟಲೆ ನಮ್ಮ ಹುಡುಗೀರು ಬೀದೀಲಿ ಹೋದರೆ "ಕೊಬ್ಬಿನೋರು" ಅಂತ ಬೈಸಿಕೊಂಡರು. ಶಾಂಭವಿಯ ಕಾಲು ಉಳೀತು, ಮುಂದಿನ ವರ್ಷ ಅದೇ ಕಾಲಲ್ಲಿ ಆಡಿದಳು, ಅದನ್ನ ಮಾತ್ರ ಯಾರೂ ಡಂಗುರ ಸಾರಲಿಲ್ಲ. ಬೆಂಚಿನೋರು ಮತ್ತೆ ಯಾರದನ್ನೂ ಹೊರಲಿಲ್ಲ, ಸರದಿ ಮೇಲೆ ಆಡೋಕೆ ಶುರುಮಾಡಿದರು. ಮೇಷ್ಟ್ರು ಕೆಲವು ದಿನ ಮುಖ ತೋರಿಸಲಿಲ್ಲ. ಆಮೇಲೆ ಬಂದು, ಯಾರಾದರೂ ಕಾಲು ಹಿಡಿದುಕೊಂಡರೆ "ಕೂತ್ಕೋ, ಕೂತ್ಕೋ" ಅನ್ನೋಕೆ ಶುರುಮಾಡಿದರು. ಅಷ್ಟು ನಿಜ, ಇಲ್ಲ ಅನ್ನಲ್ಲ. ಆದರೆ ಒಂದೇ ಒಂದು ಬಾಲ್ ಗಾಳಿಯಲ್ಲಿ ಇರೋಷ್ಟು ಹೊತ್ತು ಹೊತ್ತವರಿಗೆ ಮೈದಾನದ ಹೆಸರು. ರಾತ್ರಿ ಹಗಲು ಹೊತ್ತವಳಿಗೆ ಅವತ್ತು ಊರು ಕೊಟ್ಟ ಹೆಸರು ಕೊಬ್ಬು. ಈಗ ಹೇಳಿ, ಯಾವ ನಾಲ್ಕು ಒಳ್ಳೆ ಮಾತು ಹೇಳಲಿ ನಾನು?

ನಾನು ವೇದಿಕೆ ಹತ್ತಿದರೆ ಹೇಳೋದು ಒಂದೇ ಸಂಗತಿ. ಅವತ್ತು ಎರಡನೇ ಸೆಟ್ಟಿನಲ್ಲಿ ಆಚೆ ಊರಿನ ಹುಡುಗಿ ಒಂದು ಬಾಲನ್ನ ಮೂಲೆಗೆ ಹೊಡೆದಳು. ಹೋಯ್ತು ಅಂತ ಎಲ್ಲರೂ ಅಂದುಕೊಂಡರು. ಹಾಲಮ್ಮ ಅಷ್ಟು ದೂರದಿಂದ ಓಡಿಬಂದು, ನೆಲಕ್ಕೆ ಬಿದ್ದು, ಜಾರಿಕೊಂಡು ಹೋಗಿ ಎತ್ತಿಬಿಟ್ಟಳು. ಪಾಯಿಂಟ್ ನಮಗೆ ಬಂತು. ಅವಳು ಎದ್ದಾಗ ಮೊಣಕೈ ಚರ್ಮ ಕಿತ್ತುಹೋಗಿ ರಕ್ತ ಬರ್ತಿತ್ತು. ನಾಗವ್ವ ಜನರನ್ನ ತಳ್ಳಿಕೊಂಡು ಗೆರೆ ಹತ್ತಿರ ಓಡಿಬಂದಳು. "ಅಯ್ಯೋ ನನ್ನ ಕಂದಾ, ಕೊಡು ಇಲ್ಲಿ, ಕೊಡು" ಅಂತ ಅಂಗೈ ಚಾಚಿದಳು.

ಹಾಲಮ್ಮ ಮೊಣಕೈ ತಿರುಗಿಸಿ ಆ ಗಾಯ ನೋಡಿಕೊಂಡಳು. ಮೆಲ್ಲಗೆ ಅದರ ಸುತ್ತ ಬೆರಳಾಡಿಸಿದಳು, ಉರಿದು "ಸ್ಸ್" ಅಂದಳು, ಮತ್ತೆ ಮುಟ್ಟಿದಳು. ಅವಳ ಮುಖದಲ್ಲಿ ಅಂಥಾ ನಗು ನಾನು ಮುಂಚೆ ನೋಡಿರಲಿಲ್ಲ.

"ಬ್ಯಾಡವ್ವ, ಇರ್ಲಿ ಬಿಡು. ಇದು ನಂದು" ಅಂದಳು, ಮತ್ತೆ ಸರ್ವಿಸ್ ಆಗ್ತಿದ್ದದ್ದು ನೋಡಿ ತನ್ನ ಜಾಗಕ್ಕೆ ಓಡಿದಳು.